ಸದ್ದು ನಿಂತ ಕಾರು

ಕಾರುಗಳಿಗೂ ನಾಲಗೆ ಇದೆಯೆಂದು ಆ ಮೆಕ್ಯಾನಿಕ್ ನಂಬಿದ್ದ. ನೋವಿರುವ ಕಡೆಯಿಂದಲೇ ಅವು ಮಾತಾಡುತ್ತವೆ. ಕೇಳುವವನಿಗೆ ತಾಳ್ಮೆ ಬೇಕು, ಅಷ್ಟೆ. ಯಾವ ಗಾಡಿ ಬಂದರೂ ಮೊದಲು ಅದರ ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಮೇಲಿರುವವನನ್ನು ನೆನೆದೇ ಕೆಲಸಕ್ಕೆ ಕೈಹಾಕುತ್ತಿದ್ದ. ಪಕ್ಕದ ಪಂಕ್ಚರ್ ಅಂಗಡಿಯವನು ಅವನಿಗೆ ‘ಕಿವಿಯಪ್ಪ’ ಎಂದು ಅಡ್ಡಹೆಸರಿಟ್ಟಿದ್ದ.

ಅವತ್ತು ಬೆಳಿಗ್ಗೆ ಶೆಡ್ಡಿನ ಮುಂದೆ ಬಂದು ನಿಂತದ್ದು ಅವನ ಸ್ವಂತ ಅಕ್ಕನ ಕಾರು.

“ನೋಡೋ, ತಿರುಗಿಸಿದ್ರೆ ಕರ್ರ್ ಅನ್ನುತ್ತೆ, ಹಂಪ್ ಇಳಿದ್ರೆ ಟಕ್ ಅನ್ನುತ್ತೆ. ಇವತ್ತು ಅತ್ತೇನ ಆಸ್ಪತ್ರೆಯಿಂದ ಕರ್ಕೊಂಡು ಬರ್ಬೇಕು. ಮೊದ್ಲೇ ನನ್ನ ಡ್ರೈವಿಂಗ್ ಮೇಲೆ ಅವರಿಗೆ ನಂಬಿಕೆ ಇಲ್ಲ. ಈ ತಾಳ ಬೇರೆ ಕೇಳಿಸಿದ್ರೆ ದಾರಿಯುದ್ದಕ್ಕೂ ದೇವರ ನಾಮ ಶುರು ಮಾಡ್ತಾರೆ.”

“ಒಳ್ಳೇದೇ ಆಯ್ತಲ್ಲಕ್ಕ, ಪುಣ್ಯ ಬರುತ್ತೆ.”

“ಪುಣ್ಯ ನೀನೇ ಇಟ್ಕೋ. ಕಾರು ನೋಡು.”

ಅಕ್ಕ ಸ್ಟೇರಿಂಗ್ ಹಿಡಿದದ್ದು ಇತ್ತೀಚೆಗೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಸಾಕು, ಕೈಕಾಲು ತಣ್ಣಗಾಗಿ ರಸ್ತೆ ಪಕ್ಕದಲ್ಲಿ ನಿಂತುಬಿಡುತ್ತಿದ್ದಳು. ಅವಳ ಬೆನ್ನು ತಟ್ಟಿ, ಗದರಿಸಿ, ನಗಿಸಿ ಗಾಡಿ ಕಲಿಸಿದವನು ಈ ತಮ್ಮನೇ. ಅವಳ ಮುಂದೆ ಗಾಡಿಯ ಬಗ್ಗೆ ಹೆದರಿಕೆಯ ಮಾತನ್ನೇ ಆಡಬಾರದು ಎಂಬುದು ಅಂದಿನಿಂದ ಅವನಿಗೆ ವ್ರತದಂತಾಗಿತ್ತು.

ಕಾರನ್ನು ತಾನೇ ಒಂದು ಸುತ್ತು ಓಡಿಸಿಕೊಂಡು ಬಂದ. ಕಿತ್ತುಹೋದ ರಸ್ತೆಯಲ್ಲಿ ಗಡಗಡ ಎನ್ನಲಿಲ್ಲ, ಹಾಗಾಗಿ ಸದ್ದು ಲಿಂಕ್ ರಾಡಿನದಲ್ಲ. ಅಕ್ಕನಿಗೆ ಸ್ಟೇರಿಂಗ್ ತಿರುಗಿಸಲು ಹೇಳಿ, ಚಕ್ರದ ಹಿಂದಿನ ಸ್ಪ್ರಿಂಗಿಗೆ ಬೆರಳು ತಾಗಿಸಿ ನೋಡಿದ. ಅದು ಬೆಣ್ಣೆಯ ಹಾಗೆ ತಿರುಗಿತು. ಇನ್ನೂ ಕೆಳಗೆ ಬಗ್ಗಿ, ಚಕ್ರವನ್ನು ಕೆಳಗಿನ ಕಬ್ಬಿಣದ ತೋಳಿಗೆ ಹಿಡಿದಿಡುವ ಬಾಲ್ ಜಾಯಿಂಟಿನ ಮೇಲೆ ಬೆರಳಿಟ್ಟ. ಕರ್ರ್ ಎಂಬುದು ಕಿವಿಗಿಂತ ಮೊದಲು ಬೆರಳಿಗೆ ಬಂತು.

ಜಾಯಿಂಟಿನ ರಬ್ಬರ್ ಟೋಪಿ ಹರಿದಿತ್ತು. ಅನುಮಾನ ಪೂರ್ತಿ ತೀರಲೆಂದು ಸಿರಿಂಜಿನಲ್ಲಿ ಗ್ರೀಸು ತುಂಬಿ ಒಳಗೆ ಚುಚ್ಚಿದ. ರೋಗ ಎಲ್ಲಿದೆಯೆಂದು ಹಿಡಿಯಲು ಕಸುಬಿನವರು ಮಾಡುವ ಉಪಾಯ ಅದು. ಗ್ರೀಸು ಹೋದಲ್ಲಿ ಸದ್ದು ನಿಂತರೆ ಕಳ್ಳ ಅಲ್ಲೇ ಕೂತಿದ್ದಾನೆಂದು ಅರ್ಥ.

“ಈಗ ತಿರುಗ್ಸಕ್ಕ.”

ಅಕ್ಕ ತಿರುಗಿಸಿದಳು. ಉಸಿರೂ ಇಲ್ಲ.

“ಅಯ್ಯೋ ನಿನ್ನ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಕಣೋ!” ಎಂದಳು ಕೂತಲ್ಲಿಂದಲೇ.

ಅವನು ಆಗಲೇ ಜ್ಯಾಕ್ ಏರಿಸಿ, ಆ ತೋಳಿನ ಸಂದಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದ್ದ. ಜಾಯಿಂಟಿನ ಗುಂಡು ತನ್ನ ಬಟ್ಟಲಿನಿಂದ ಮೇಲೆದ್ದು, ಸಡಿಲ ಹಲ್ಲಿನಂತೆ ಅಲ್ಲಾಡಿ ಕೂತಿತು. ರಸ್ತೆಯಲ್ಲಿ ಇನ್ನೊಂದು ಗುಂಡಿ, ಇನ್ನೊಂದು ಜೋರಾದ ತಿರುವು ಸಾಕು, ಚಕ್ರ ಕಳಚಿಕೊಳ್ಳುತ್ತದೆ.

ಆದರೆ ಎದ್ದು ನಿಂತಾಗ ಕಂಡದ್ದು ಅಕ್ಕನ ಅರಳಿದ ಮುಖ. ಜ್ಯಾಕ್ ಇಳಿಸಿ, ಕೈ ಒರೆಸಿಕೊಳ್ಳುತ್ತ, “ಸಣ್ಣ ಕೆಲಸ ಅಕ್ಕ, ಒಂದು ಪಾರ್ಟು ಹಾಕ್ಬೇಕು. ತಂದುಬಿಡ್ತೀನಿ, ಕೂತಿರು” ಎಂದ. ಬೇರೆ ಯಾರದೇ ಕಾರಾಗಿದ್ದರೆ ಕೀಲಿ ಅವನ ಜೇಬಿನಲ್ಲಿರುತ್ತಿತ್ತು. ಒಡಹುಟ್ಟಿದವಳ ಕೈಯಿಂದ ಕೀಲಿ ಕಿತ್ತುಕೊಳ್ಳುವುದುಂಟೇ? ಸ್ಕೂಟರ್ ಹತ್ತಿ ಹೊರಟ.

ಪಾರ್ಟಿನ ಪೊಟ್ಟಣ ಹಿಡಿದು ಮರಳಿದಾಗ ಶೆಡ್ಡಿನ ಮುಂದೆ ಬರಿ ನೆಲ.

“ಅಕ್ಕ ಎಲ್ಲಿ?”

ಪಂಕ್ಚರ್ ಅಂಗಡಿಯವನು ಟ್ಯೂಬಿನಿಂದ ತಲೆ ಎತ್ತದೆ ಹೇಳಿದ: “ಆಸ್ಪತ್ರೆಯಿಂದ ಫೋನ್ ಬಂತಪ್ಪ, ಬೇಗ ಬನ್ನಿ ಅಂತ. ‘ಸದ್ದು ನಿಂತಿದೆಯಲ್ಲ, ಸಣ್ಣ ಕೆಲಸ ಅಂದ, ಸಂಜೆ ಹಾಕಿಸ್ಕೋತೀನಿ’ ಅಂದು ಹೋದ್ರು. ಯಾಕೋ ಕಿವಿಯಪ್ಪ, ಮುಖ ಹಂಗ್ಯಾಕಾಯ್ತು?”

ಪೊಟ್ಟಣ ಕೈಯಿಂದ ಜಾರಿ ಬಿತ್ತು. ಆಸ್ಪತ್ರೆ ಇರುವುದು ಇಳಿಜಾರಿನ ಬುಡದಲ್ಲಿ. ಅಲ್ಲಿಯವರೆಗೂ ತಿರುವಿನ ಮೇಲೆ ತಿರುವು, ಎಡಕ್ಕೆ ಮೊಣಕಾಲೆತ್ತರದ ಗೋಡೆ, ಗೋಡೆಯಾಚೆ ಏನೂ ಇಲ್ಲ. ಫೋನ್ ಮಾಡಿದ. ಅದು ಬಡಿದುಕೊಳ್ಳುತ್ತಲೇ ಇತ್ತು. ಗಾಡಿ ಓಡಿಸುವಾಗ ಫೋನ್ ಮುಟ್ಟಕೂಡದೆಂದು ಅವಳಿಂದ ಆಣೆ ಮಾಡಿಸಿದ್ದವನೂ ಅವನೇ.

ಸ್ಕೂಟರ್ ಹೇಗೆ ಓಡಿತೋ ಅವನಿಗೆ ತಿಳಿಯದು. ಕರ್ರ್ ಎನ್ನುತ್ತಿದ್ದಾಗ ಆ ಬಡಪಾಯಿ ಕಾರು ಹೋಗಬೇಡ ಹೋಗಬೇಡ ಎಂದು ಅಕ್ಕನ ಸೆರಗು ಹಿಡಿದು ಎಳೆಯುತ್ತಿತ್ತು. ಅದರ ಬಾಯಿಗೆ ಗ್ರೀಸು ತುರುಕಿದ್ದು ತಾನು. ‘ದೇವರೇ, ಆ ಸದ್ದು ವಾಪಸ್ ಕೊಡು, ಅವಳಿಗೆ ಕೇಳಿಸು’ ಎಂದು ದಾರಿಯುದ್ದಕ್ಕೂ ಬೇಡಿಕೊಂಡ. ಜನ್ಮದಲ್ಲಿ ಅಂಥ ಬೇಡಿಕೆ ಬೇಡಿದವನಲ್ಲ.

ಇಳಿಜಾರು ಶುರುವಾಗುವ ಕಡೆ ಒಂದು ಪೆಟ್ರೋಲ್ ಬಂಕ್. ಕಾರು ಅಲ್ಲಿಂದ ಆಗಷ್ಟೇ ಹೊರಬರುತ್ತಿತ್ತು. ಸ್ಕೂಟರನ್ನು ಅದರ ಮೂತಿಗೇ ಅಡ್ಡ ಹಾಕಿದ. ಅಕ್ಕ ಬ್ರೇಕ್ ತುಳಿದು, ಗಾಜು ಇಳಿಸಿ ಕೂಗಿದಳು: “ತಲೆ ಕೆಟ್ಟಿದೆಯೇನೋ! ನಿನ್ನ ಮೇಲೇ ಹತ್ತಿಸ್ತಿದ್ದೆ!”

“ಇಳಿ ಅಕ್ಕ, ಮೊದ್ಲು ಇಳಿ.”

“ಯಾಕೋ? ಸದ್ದೇ ಇಲ್ವಲ್ಲೋ!”

“ಅದಕ್ಕೇ ಇಳಿ ಅಂದೆ!”

ಹಿಂದೆ ಲಾರಿಯೊಂದು ಹಾರ್ನ್ ಹೊಡೆಯಿತು. “ಇರು ಮಾರಾಯ, ಲಾರಿಗೆ ದಾರಿಯಾದ್ರೂ ಬಿಡ್ತೀನಿ” ಎನ್ನುತ್ತ ಅವಳು, ಅವನು ಬೇಡ ಎನ್ನುವಷ್ಟರಲ್ಲಿ, ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆದು ನಿಧಾನವಾಗಿ ಮುಂದೆ ಬಿಟ್ಟಳು. ಕಾರು ಇನ್ನೂ ಒಂದು ಮಾರು ಸರಿದಿರಲಿಲ್ಲ.

ಟಪ್.

ಚಕ್ರ ಹೊರಕ್ಕೆ ಮಗುಚಿ ಮಲಗಿತು. ಕಾರಿನ ಮೂಲೆ ಮಂಡಿಯೂರಿದಂತೆ ಕುಸಿದು, ನೆಲಕ್ಕೆ ಕಬ್ಬಿಣ ತಾಗಿ ಕಿರ್ರೆಂದು ನಿಂತಿತು. ಲಾರಿಯವನ ಹಾರ್ನ್ ಅರ್ಧಕ್ಕೇ ನಿಂತುಹೋಯಿತು. ಬಂಕಿನಲ್ಲಿದ್ದವರು ಇದ್ದಲ್ಲೇ ಕಲ್ಲಾದರು.

ಅಕ್ಕ ಇಳಿಯಲಿಲ್ಲ. ಕಣ್ಣು ರಸ್ತೆಯ ಮೇಲಿತ್ತು, ಅದು ಬಾಗಿ ಕೆಳಗಿಳಿದು ಕಾಣದಾಗುವ ಕಡೆ. ಅವನು ಬಾಗಿಲು ತೆರೆದು, ಸ್ಟೇರಿಂಗಿಗೆ ಅಂಟಿಕೊಂಡಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೊರಗೆ ಕರೆತಂದು ಕೂರಿಸಿದ. ಯಾರೋ ನೀರಿನ ಬಾಟಲಿ ಕೊಟ್ಟರು. ಇಬ್ಬರಿಗೂ ಅದರ ಮುಚ್ಚಳ ತೆಗೆಯಲಾಗಲಿಲ್ಲ.

ಅಕ್ಕ ಕೇಳಿದಳು, “ನಿಂಗೆ ಗೊತ್ತಿತ್ತಾ? ಹಿಂಗಾಗುತ್ತೆ ಅಂತ?”

“ಗೊತ್ತಿತ್ತು.”

“ಸಣ್ಣ ಕೆಲಸ ಅಂದೆಯಲ್ಲೋ.”

“ಹೆದರ್ಕೋತೀಯ ಅಂತ...”

ಅವಳು ಅವನನ್ನೇ ನೋಡಿದಳು, ಕುಸಿದ ಕಾರನ್ನು ನೋಡಿದ್ದಕ್ಕಿಂತ ಹೆಚ್ಚಿನ ದಿಗ್ಭ್ರಮೆಯಿಂದ. ಆಮೇಲೆ ಮುಷ್ಟಿ ಬಿಗಿದು ಅವನ ಬೆನ್ನಿಗೆ ಗುದ್ದಿದಳು. ಗುದ್ದಿನಲ್ಲಿ ಬಲವಿರಲಿಲ್ಲ.

“ಹೆದರಿಸ್ಬೇಕಿತ್ತು ಕಣೋ,” ಎಂದಳು. “ನನ್ನನ್ನ ಹೆದರಿಸ್ಬೇಕಿತ್ತು.”