ನಾಲ್ಕು ಮಹಡಿಯ ಪ್ರಾರ್ಥನೆ

ಯಾವ ಕೋಣೆಗೆ ಹೋದರೂ ತಾತ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬಂದ ಬಾಗಿಲ ಕಡೆಗೆ ತಿರುಗಿ ನಿಲ್ಲುವುದು. ಹೊಸಿಲು ದಾಟಿ ಎರಡು ಹೆಜ್ಜೆ ಒಳಗಿಟ್ಟು, ಅರ್ಧ ಸುತ್ತು ತಿರುಗಿ, ಬೆನ್ನನ್ನು ಗೋಡೆಗೆ ಕೊಟ್ಟು ನಿಂತುಬಿಡುತ್ತಿದ್ದರು. ಬಲಗೈ ತಾನಾಗಿ ಸೊಂಟದೆತ್ತರಕ್ಕೆ ಬಂದು ಅಲ್ಲಿಲ್ಲದ ಹಿಡಿಕೆಯೊಂದನ್ನು ಹುಡುಕುತ್ತಿತ್ತು. ಬೀಗರ ಮನೆಯಲ್ಲೂ ಹೀಗೆಯೇ, ಬ್ಯಾಂಕಿನಲ್ಲೂ ಹೀಗೆಯೇ. ಮಗನ ಮದುವೆಯ ಫೋಟೋದಲ್ಲಿ ಎಲ್ಲರೂ ಕುರ್ಚಿಗಳಲ್ಲಿ ಹಲ್ಲುಬಿಟ್ಟು ಕೂತಿದ್ದರೆ ಇವರೊಬ್ಬರು ಹಿಂದಿನ ಗೋಡೆಗೆ ಅಂಟಿಕೊಂಡು, ಇನ್ನೇನು ಯಾರಾದರೂ ಹತ್ತುತ್ತಾರೇನೋ ಎಂಬಂತೆ ಬಾಗಿಲು ನೋಡುತ್ತಿದ್ದಾರೆ. ಸೊಸೆಯ ಕಡೆಯವರು ಮೊದಲು ಇದನ್ನು ಬಿಗುಮಾನವೆಂದೇ ತಿಳಿದಿದ್ದರಂತೆ. ಈ ಮನುಷ್ಯ ಆಸ್ಪತ್ರೆಯ ಲಿಫ್ಟಿನೊಳಗೆ ನಿಂತೇ ಆಯುಷ್ಯ ಸವೆಸುತ್ತಿರುವವರು ಎಂಬುದು ಆಮೇಲೆ ತಿಳಿಯಿತು.

ಅದು ಹಳೆಯ ಕಾಲದ ಲಿಫ್ಟು. ಮಡಚುವ ಕಬ್ಬಿಣದ ಬಾಗಿಲು, ಹಿತ್ತಾಳೆಯ ಹಿಡಿಕೆ, ನೆತ್ತಿಯ ಮೇಲೊಂದು ಬಲ್ಬು, ಮಹಡಿಗಳಿಂದ ಕರೆಯಲೊಂದು ಗಂಟೆ, ಮೂಲೆಯಲ್ಲಿ ಯಾರೂ ಕೂರದ ಒಂದು ಸ್ಟೂಲು. ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಸರಿಸಮವಾಗಿ ನಿಲ್ಲುವಂತೆ ಹಿಡಿಕೆ ಬಿಡುವುದು ಹುಡುಗಾಟದ ಮಾತಲ್ಲ; ಒಂದು ಬೆರಳಗಲ ಹೆಚ್ಚುಕಡಿಮೆಯಾದರೂ ಸ್ಟ್ರೆಚರಿನ ಚಕ್ರ ಎಡವುತ್ತದೆ, ಚಕ್ರ ಎಡವಿದರೆ ಹೊಲಿಗೆ ಹಾಕಿದ ಹೊಟ್ಟೆ ನರಳುತ್ತದೆ. ಮೂವತ್ತೇಳು ವರ್ಷ ತಾತ ಆ ಬೆರಳಗಲವನ್ನು ಕಾದರು. ಬಾಗಿಲೆಳೆದೂ ಎಳೆದೂ ಅವರ ನೀಲಿ ಕೋಟಿನ ಬಲಮೊಣಕೈ ವರ್ಷಕ್ಕೆರಡು ಸಲ ಹರಿಯುತ್ತಿತ್ತು, ಅಜ್ಜಿ ಎರಡು ಸಲವೂ ತೇಪೆ ಹಾಕುತ್ತಿದ್ದರು. ಕಡೆಕಡೆಗೆ ಆ ತೋಳಿನಲ್ಲಿ ಕೋಟು ಎಷ್ಟು, ತೇಪೆ ಎಷ್ಟು ಎಂದು ಹೇಳುವುದೇ ಕಷ್ಟವಾಗಿತ್ತು.

ತಾತ ದೈವಭಕ್ತರು. ಹೀಗೆಂದ ಕೂಡಲೇ ಗಂಟೆಗಟ್ಟಲೆ ಕಣ್ಣುಮುಚ್ಚಿ ಕೂತ ಮುದುಕರೊಬ್ಬರು ನಿಮ್ಮ ಕಣ್ಣಮುಂದೆ ಬಂದರೆ ಅವರನ್ನು ದಯವಿಟ್ಟು ಎಬ್ಬಿಸಿ ಕಳಿಸಿ. ಇವರ ಪ್ರಾರ್ಥನೆಯ ಉದ್ದ ಲಿಫ್ಟು ಕೆಳಗಿನಿಂದ ನಾಲ್ಕನೇ ಮಹಡಿ ಮುಟ್ಟುವಷ್ಟೇ, ಮಹಡಿಗೊಂದು ಮಾತು. ಮೂಳೆ ಮುರಿದವರ ಮೊದಲನೆಯದು ದಾಟುವಾಗ ‘ನಡೆಯುವ ಹಾಗಾಗಲಿ’. ಜ್ವರದವರ ಎರಡನೆಯದಕ್ಕೆ ‘ನಿದ್ದೆ ಬರಲಿ’. ಆಪರೇಷನ್ನಿನ ಮೂರನೆಯದಕ್ಕೆ ‘ಡಾಕ್ಟರ ಕೈ ನಡುಗದಿರಲಿ’. ಹೆರಿಗೆಯ ನಾಲ್ಕನೆಯದಕ್ಕೆ ‘ಅಳು ಕೇಳಿಸಲಿ’. ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಇಳಿಯುವಾಗ ಬರಿಯ ಕೃತಜ್ಞತೆ. ಯಾರಾದರೂ ಅಳುತ್ತ ಇಳಿದರೆ ಅದನ್ನೂ ನುಂಗಿಕೊಂಡು ನೆಲ ನೋಡುತ್ತಿದ್ದರು.

ಮನೆಯವರೆಲ್ಲ ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗಲೂ ಅಷ್ಟೇ ಹೊತ್ತು. “ದೇವರು ‘ಏನಪ್ಪಾ’ ಅನ್ನೋಷ್ಟರಲ್ಲಿ ಇವರು ಎದ್ದು ಚಪ್ಪಲಿ ಹುಡುಕ್ತಿರ್ತಾರೆ” ಎಂದು ಅಜ್ಜಿ ಮೂದಲಿಸುತ್ತಿದ್ದರು.

“ಅವನಿಗೂ ಬೇರೆ ಮಹಡಿಯಿಂದ ಗಂಟೆ ಬಾರಿಸ್ತಿರುತ್ತೆ ಕಣೇ. ನಾವೇ ಹಿಡಿದು ನಿಲ್ಲಿಸ್ಕೊಂಡ್ರೆ ಹೇಗೆ?” ಎನ್ನುತ್ತಿದ್ದರು ತಾತ, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ಲಿಫ್ಟಿನಲ್ಲಿ ಅವರು ಯಾರನ್ನೂ ‘ಏನಾಗಿದೆ’ ಎಂದು ಕೇಳಿದವರಲ್ಲ. “ಎಷ್ಟನೇ ಮಹಡಿ?” ಇಷ್ಟೇ. ಆದರೆ ಆ ಎರಡು ಪದಗಳನ್ನು ಅವರು ಎಷ್ಟು ನಿಧಾನವಾಗಿ, ಎಷ್ಟು ಮೆತ್ತಗೆ ಕೇಳುತ್ತಿದ್ದರೆಂದರೆ, ಜನ ಮಹಡಿಯ ಸಂಖ್ಯೆಯ ಜೊತೆಗೇ ಹೊಟ್ಟೆಯೊಳಗಿನ ಸಂಕಟವನ್ನೂ ಹೇಳಿಬಿಡುತ್ತಿದ್ದರು. ಒಂದು ದಿನ ಸ್ಟ್ರೆಚರಿನ ಮೇಲೆ ಅಜ್ಜಿಯೇ ಬಂದರು, ಹೊಟ್ಟೆಯೊಳಗಿನ ಗಡ್ಡೆ ತೆಗೆಸಲು. ತಾತ ಬಾಗಿಲೆಳೆದು, ಹಿಡಿಕೆಯ ಮೇಲೆ ಕೈಯಿಟ್ಟು, ರೂಢಿಬಲದಿಂದ ಕೇಳಿಯೇ ಕೇಳಿದರು: “ಎಷ್ಟನೇ ಮಹಡಿ?”

ಅಷ್ಟು ನೋವಿನಲ್ಲೂ ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಇಷ್ಟು ವರ್ಷ ಸಂಸಾರ ಮಾಡಿದ್ದೀರಿ, ನನ್ನ ಮಹಡಿ ಯಾವುದು ಅಂತ ಗೊತ್ತಿಲ್ವೇನ್ರೀ?”

ಮೂರನೇ ಮಹಡಿಯ ಬಾಗಿಲಿಗೆ ಹೆಂಡತಿಯನ್ನು ಮುಟ್ಟಿಸಿ ತಾತ ಕೆಳಗಿಳಿದುಬಿಟ್ಟರು, ಗಂಟೆ ಬಾರಿಸುತ್ತಿತ್ತು. ಆಪರೇಷನ್ ಮುಗಿಯುವವರೆಗೆ ಹತ್ತೊಂಬತ್ತು ಸಲ ಮೇಲೆಕೆಳಗೆ ಓಡಾಡಿದರು. ಒಳಗಿರುವವಳು ತನ್ನಮ್ಮ, ಅಪ್ಪ ಊರವರನ್ನೆಲ್ಲ ಹತ್ತಿಸಿ ಇಳಿಸುತ್ತಿದ್ದಾರೆ ಎಂದು ಹತ್ತೊಂಬತ್ತರ ಮಗ ಕಿಡಿಕಿಡಿಯಾದ.

“ಒಳಗೆ ಡಾಕ್ಟರಿದ್ದಾರೆ, ಅವರ ಜೊತೆ ದೇವರಿದ್ದಾನೆ. ಅಲ್ಲಿ ನಾನು ಮೂರನೆಯವನು” ಎಂದರು ತಾತ. “ಇಲ್ಲಿ ನಾನಿಲ್ಲದಿದ್ರೆ ಇವರನ್ನೆಲ್ಲ ಕರ್ಕೊಂಡು ಹೋಗೋರು ಯಾರು?” ಅಜ್ಜಿ ಗುಣವಾಗಿ ಮನೆಗೆ ಬಂದರು. ಮಗ ಮಾತ್ರ ಆ ಮಾತನ್ನು ಬಹುಕಾಲ ಕ್ಷಮಿಸಲಿಲ್ಲ.

ಕ್ಷಮಿಸಿದ್ದು ತನ್ನ ಹೆಂಡತಿಯನ್ನು ಹೆರಿಗೆಗೆ ಕರೆತಂದ ದಿನ. ನಾಲ್ಕನೇ ಮಹಡಿಯಲ್ಲಿ ಅವಳನ್ನು ಒಳಗೆ ಕರೆದೊಯ್ದರೂ ಅವನಿಗೆ ಲಿಫ್ಟಿನಿಂದ ಕಾಲು ಹೊರಗಿಡುವ ಧೈರ್ಯ ಬರಲಿಲ್ಲ. ತಾತ ಒಂದು ಮಾತೂ ಆಡದೆ ಅವನನ್ನು ಕೆಳಗೆ ಕರೆದೊಯ್ದರು, ಮತ್ತೆ ಮೇಲೆ ತಂದರು. ಮೂರನೆಯ ಸಲ ಬಾಗಿಲು ತೆರೆದಾಗ ಎಳೆಗೂಸಿನ ಅಳು ಕೇಳಿಸಿತು. ಈ ಕಥೆಯನ್ನು ಅಪ್ಪನ ಬಾಯಲ್ಲಿ ನೂರು ಸಲವಾದರೂ ಕೇಳಿ ಬೆಳೆದ ಮೊಮ್ಮಗಳೇ ಆ ಅಳುವಿನ ಒಡತಿ. ದೊಡ್ಡವಳಾಗಿ ಅವಳು ಅದೇ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಕೆಲಸಕ್ಕೆ ಸೇರಿದಳು. ತಾತನ ಪಾಲಿಗೆ ಲೋಕದಲ್ಲಿ ಅದಕ್ಕಿಂತ ದೊಡ್ಡ ಹುದ್ದೆಯಿರಲಿಲ್ಲ.

ತಾತ ಅರವತ್ತಕ್ಕೆ ನಿವೃತ್ತರಾದರು. ನಿವೃತ್ತಿಯ ಮರುದಿನ ಏಳು ಗಂಟೆಗೆ ಲಿಫ್ಟಿನಲ್ಲಿದ್ದರು. ದಿನವೂ ಏಳರಿಂದ ಹತ್ತರವರೆಗೆ ಮೂರು ಗಂಟೆ ಹೊತ್ತು, ನೋಡಲು ಬರುವವರ ನೂಕುನುಗ್ಗಲಿನಲ್ಲಿ, ಹೊಸ ಲಿಫ್ಟ್‌ಮನ್ನಿನ ಪಕ್ಕದಲ್ಲಿ ಅವರೂ ನಿಲ್ಲುತ್ತಿದ್ದರು. ಹತ್ತೊಂಬತ್ತು ವರ್ಷ ಹೀಗೆಯೇ ನಡೆಯಿತು, ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನುವ ದಿನ ಬಂದದ್ದು ಹಳೆಯ ಲಿಫ್ಟನ್ನು ಕಿತ್ತು, ತಾನೇ ತೆರೆದು ತಾನೇ ಮುಚ್ಚುವ ಹೊಳಪಿನ ಲಿಫ್ಟು ತಂದಾಗ. ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಮೊಮ್ಮಗಳನ್ನು ಕರೆದು, “ಇನ್ನು ಲಿಫ್ಟಿನೊಳಗೆ ಆಳು ಬೇಕಿಲ್ಲಮ್ಮ. ಎಪ್ಪತ್ತೊಂಬತ್ತಾಯ್ತು ಅವರಿಗೆ, ಎಲ್ಲಾದರೂ ಬಿದ್ದುಗಿದ್ದಾರು. ನೀವೇ ನಯವಾಗಿ ಹೇಳಿಬಿಡಿ” ಎಂದರು.

ಹೊಸ ಲಿಫ್ಟು ಓಡಲು ಇನ್ನೂ ಒಂದು ವಾರವಿತ್ತು, ಅಲ್ಲಿಯವರೆಗೂ ಅವಳು ಹೇಳಲಿಲ್ಲ. ಕೋಟು ಹಾಕಿಕೊಳ್ಳುವ ತಾತನನ್ನು ಕಂಡರೆ ಬೇರೆ ಮಾತು ತೆಗೆಯುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಆ ಮನುಷ್ಯನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಮೂರು ಗಂಟೆಯೊಂದೇ, ಅದನ್ನು ಕಿತ್ತುಕೊಂಡರೆ ತಾತ ಉಳಿಯುವುದಿಲ್ಲ ಎಂಬ ಭಯ ಅವಳಿಗಿತ್ತು. ಕೊನೆಗೆ ಅದು ಓಡತೊಡಗಿದ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಬಳಿ ಕೈ ಹಿಡಿದು ನಿಲ್ಲಿಸಿ, ಕಣ್ಣು ತಪ್ಪಿಸಿ, ಒಂದೇ ಉಸಿರಿನಲ್ಲಿ ಹೇಳಿದಳು. ತಾತ ಹೊಸ ಲಿಫ್ಟಿನ ಕಡೆ ಕತ್ತು ಚಾಚಿ ನೋಡಿದರು.

“ಸರಿ ಪುಟ್ಟಿ. ಅದರಲ್ಲಿ ಒಂದು ಸಲ ಹೋಗಿ ಬರಬಹುದಾ?”

ಇಬ್ಬರೂ ಹೋದರು. ತಾತ ಒಳಗೆ ಹೋಗಿ ತಿರುಗಿ ಬೆನ್ನು ಕೊಟ್ಟು ನಿಂತರು. ಕೈಗೆ ಹಿಡಿಕೆ ಸಿಗಲಿಲ್ಲ. ಹೆಣ್ಣುದನಿಯೊಂದು ಪ್ರತಿ ಮಹಡಿಯ ಹೆಸರನ್ನೂ ಸ್ಪಷ್ಟವಾಗಿ ಉಚ್ಚರಿಸಿತು. ನೆಲಕ್ಕೆ ನೆಲ ಕೂದಲೆಳೆಯಷ್ಟೂ ತಪ್ಪದೆ ಸೇರಿದ್ದನ್ನು ಅವರು ಬಗ್ಗಿ ನೋಡಿ ತಲೆದೂಗಿದರು. ಹೊಟ್ಟೆಕಿಚ್ಚಿಲ್ಲದ ಕಸುಬುದಾರರು.

“ಚೆನ್ನಾಗಿದೆ. ಹೇಳೋದು ಸರಿಯಾಗೇ ಹೇಳ್ತಾಳೆ” ಎಂದರು. ಆಮೇಲೆ, ದೂರುವ ದನಿಯಿಲ್ಲದೆ, “ಕೇಳೋಕೊಂದು ಬರಲ್ಲ ಅವಳಿಗೆ” ಎಂದರು.

ಕೆಳಗೆ ಬಾಗಿಲು ತೆರೆದಾಗ ಎದುರಿಗೆ ಒಬ್ಬ ಗಂಡಸು ಬಟ್ಟೆಯ ಚೀಲ ಎದೆಗವಚಿಕೊಂಡು ನಿಂತಿದ್ದ, ಕೈಯಲ್ಲೊಂದು ಬಣ್ಣದ ಉಣ್ಣೆ ಟೋಪಿ, ಮಗುವಿನದು. ಲಿಫ್ಟು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಅವನು ಹತ್ತಲಿಲ್ಲ. ಅವನಿಗೆ ಗುಂಡಿ ಒತ್ತಲು ಬರುತ್ತಿತ್ತು. ಮೇಲೆ ಏನು ಕಾದಿದೆಯೋ ಎಂಬ ದಿಗಿಲಿಗೆ ಕಾಲು ಬರುತ್ತಿರಲಿಲ್ಲ. ಮೊಮ್ಮಗಳು ಅದನ್ನು ಕಂಡದ್ದು ಆಮೇಲೆ. ತಾತ ಆಗಲೇ ಅವನ ಪಕ್ಕದಲ್ಲಿದ್ದರು.

“ಎಷ್ಟನೇ ಮಹಡಿ?”

“ಮೂರು” ಎಂದು ಹೇಳುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂತು. “ಒಬ್ಬನೇ ಮಗ ಸ್ವಾಮಿ.”

“ಬನ್ನಿ, ನಾನೂ ಆ ಕಡೆಗೇ ಹೊರಟಿದ್ದೆ” ಎಂದರು ತಾತ. ಎಪ್ಪತ್ತೊಂಬತ್ತು ವರ್ಷದಲ್ಲಿ ಅವರು ಆಡಿದ ಸುಳ್ಳುಗಳಲ್ಲಿ ಮೊಮ್ಮಗಳು ಕಿವಿಯಾರೆ ಕೇಳಿದ್ದು ಅದೊಂದನ್ನೇ.

ಮರುದಿನ ಏಳು ಗಂಟೆಗೆ ಲಿಫ್ಟಿನ ಹೊರಗೆ, ಬಾಗಿಲ ಎಡಕ್ಕೆ, ಒಂದು ಸ್ಟೂಲು ಹಾಕಿಕೊಂಡು ತಾತ ಕೂತಿದ್ದರು. ಹತ್ತಿರ ಬಂದ ಸೂಪರಿಂಟೆಂಡೆಂಟರನ್ನು ಕಂಡು ಎದ್ದುನಿಂತು, ವಿನಯದಿಂದಲೇ, “ಒಳಗೆ ಆಳು ಬೇಡ ಅಂದ್ರಂತೆ ಸಾರ್. ನಾನು ಒಳಗಿಲ್ಲ” ಎಂದರು. ಅಷ್ಟರಲ್ಲಿ ಮುದುಕಿಯೊಬ್ಬರು ಬಂದು ಲಿಫ್ಟಿನ ಮುಂದೆ ತಡವರಿಸುತ್ತ ನಿಂತದ್ದನ್ನು, ತಾತ ಅವರ ಜೊತೆ ಒಳಗೆ ಹೋದದ್ದನ್ನು, ಆಕೆಯ ಭುಜ ಸ್ವಲ್ಪ ಸಡಿಲವಾದದ್ದನ್ನು ಸೂಪರಿಂಟೆಂಡೆಂಟರು ಕಂಡರು. “ಸ್ಟೂಲು ಅಲ್ಲಾಡುತ್ತೆ, ಬೆನ್ನಿರೋ ಕುರ್ಚಿ ಹಾಕಿಕೊಡಿ” ಎಂದು ಜವಾನನಿಗೆ ಹೇಳಿ ಹೊರಟುಹೋದರು. ದಾಖಲೆಗಳ ಕೋಣೆಗೆ ಹೋಗಿ ಮೊಮ್ಮಗಳು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತಳು, ಸಂತೋಷಕ್ಕೆ.

ಏಳು ವರ್ಷ ಆ ಕುರ್ಚಿ ತುಂಬಿತ್ತು. ಎಂಬತ್ತಾರರಲ್ಲಿ, ಒಂದು ಬೆಳಿಗ್ಗೆ, ಮನೆಯವರ ಜೊತೆ ಪ್ರಾರ್ಥನೆ ಮುಗಿಸಿ ಕೋಟಿಗೆ ಕೈಚಾಚಿದವರು ಹಾಗೆಯೇ ಕೂತರು, ನೋಯದೆ ನೋಯಿಸದೆ ಹೋದರು. ಈಗ ಮೊಮ್ಮಗಳು ಕೆಲಸದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಬಂದು ಆ ಲಿಫ್ಟಿನ ಬಾಗಿಲ ಬಳಿ ನಿಲ್ಲುತ್ತಾಳೆ. ಮೊದಮೊದಲು ಅವಳು ಎಲ್ಲರಿಗೂ ಧೈರ್ಯ ಹೇಳಲು ಹೋಗಿ ಮಾತು ಜಾಸ್ತಿಯಾಗಿ ಪೇಚಾಡಿದಳು. ಜೊತೆಗೆ ಸುಮ್ಮನೆ ನಿಂತು ಬರುವುದು ಎಷ್ಟು ಕಷ್ಟದ ವಿದ್ಯೆಯೆಂದು ಆಮೇಲೆ ಅವಳಿಗೆ ಅರ್ಥವಾಯಿತು, ಇನ್ನೂ ಕಲಿಯುತ್ತಿದ್ದಾಳೆ.

ಇಂಥವರು ಯಾರ ರೋಗವನ್ನೂ ವಾಸಿಮಾಡಿದವರಲ್ಲ, ಯಾರ ಹಣೆಬರಹವನ್ನೂ ತಿದ್ದಿದವರಲ್ಲ. ಒಳಗಿನ ಕೋಣೆಯಲ್ಲಿ ನಡೆಯುವುದು ತಮ್ಮ ಕೈಯಲ್ಲಿಲ್ಲವೆಂದು ಬಲ್ಲ ಅವರು ಬಾಗಿಲವರೆಗೆ ಬರುತ್ತಾರೆ, ಅಲ್ಲಿಂದಾಚೆಯದನ್ನು ದೇವರಿಗೆ ಒಪ್ಪಿಸಿ, ಇನ್ನೊಬ್ಬರನ್ನು ಕರೆತರಲು ಇಳಿದುಹೋಗುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಬದುಕಿನ ಅತಿ ಭಯದ ಕೋಣೆಗಳಿಗೆ ಕಾಲಿಟ್ಟದ್ದು, ಬಾಗಿಲವರೆಗೆ ಯಾರೋ ಒಬ್ಬರು ಜೊತೆಗೆ ಬಂದಿದ್ದರು ಎಂಬ ಒಂದೇ ಧೈರ್ಯದಿಂದ.