ಹತ್ತು ಗ್ರೇನಿನ ಪೊಟ್ಟಣ

ಮಾರ್ತಾಂಡ ಚಟ್ಟದ ಬಿದಿರಿಗೆ ಎರಡನೆಯ ಗಂಟು ಬಿಗಿಯುತ್ತಿದ್ದ. ಕೈ ಹಗ್ಗದ ಮೇಲಿತ್ತು, ಕಣ್ಣು ಬಾಗಿಲ ಮೇಲಿತ್ತು. ಒಳಗೆ ಭಾವ ಏಕನಾಥನ ಹೆಣದ ತಲೆಯ ಹತ್ತಿರ ಅಕ್ಕ ಗೋದಾ ಕುಳಿತಿದ್ದಳು. ಅವಳ ಮುಖ ಇತ್ತ ತಿರುಗಿದರೆ ಅವನು ಅತ್ತ ಸರಿಯುತ್ತಿದ್ದ. ಗೋದಾಳಿಗೆ ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು, ಊದುಗೊಳವೆಯೊಳಗಿಂದ ನೋಡಿದ ಹಾಗೆ. ಆಚೀಚೆ ಇದ್ದದ್ದೆಲ್ಲ ಕತ್ತಲೆ. ಹತ್ತೊಂಬತ್ತು ವರ್ಷಗಳಿಂದ ಮಾರ್ತಾಂಡ ಆ ಕತ್ತಲೆಯಲ್ಲೇ ಉಳಿದುಕೊಂಡಿದ್ದ.

"ಅಷ್ಟು ನಾಜೂಕ ಕಟ್ಟಬ್ಯಾಡೋ," ಎಂದ ರಾಘಣ್ಣ. ಅಂಗಳದ ಸುತ್ತ ಹತ್ತಾರು ಸಂಸಾರಗಳಿದ್ದ ಅದೇ ವಾಡೆಯ ಹಿರಿಯ ಬಾಡಿಗೆದಾರ ಅವನು. ಸಾವಿನ ಮನೆಯ ಓಡಾಟವೆಲ್ಲ ತಾನಾಗಿಯೇ ಅವನ ಪಾಲಿಗೆ ಬರುತ್ತಿತ್ತು. "ಇದು ಔಷಧದ ಪುಡಿ ಅಲ್ಲ. ಹೊರೂದು ಮನಷ್ಯಾನ್ನ."

ಅಂಗಳದಲ್ಲಿ ಅಳು ಹೆಚ್ಚಿರಲಿಲ್ಲ. ಏಕನಾಥ ಆರು ತಿಂಗಳಿಂದ ಬಾವು ಬಂದು ಮಲಗಿದ್ದ. ಕೊನೆಯ ಹದಿನೈದು ದಿನ ಗೋಡೆಗೆ ಒರಗಿಕೊಂಡೇ ಉಸಿರಾಡಿದ್ದ. ಬೆಳಿಗ್ಗೆ ಉಸಿರು ನಿಂತಾಗ ಗೋದಾ ಮೊದಲು ಮಾಡಿದ ಕೆಲಸವೆಂದರೆ ಬೆನ್ನ ಹಿಂದಿನ ದಿಂಬುಗಳನ್ನು ತೆಗೆದು ಅವನನ್ನು ನೆಟ್ಟಗೆ ಮಲಗಿಸಿದ್ದು. ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು: ಬಿಡುಗಡೆ ಆಯಿತು.

ರಾಘಣ್ಣ ಬಗ್ಗಿ ದನಿ ತಗ್ಗಿಸಿದ. "ಏಕನಾಥ ನನಗೊಂದು ಮಾತು ಹೇಳಿ ಹೋಗ್ಯಾನ. ಮಾರ್ತಾಂಡ ಬಂದರ ನಾ ಕೆಲಸಕ್ಕಿದ್ದ ಡಾಕ್ಟರ್ ಸಾಹೇಬರನ್ನ ಕಾಣಲಿ ಅಂತ. ಅವರು ನದಿಗೆ ಬರತಾರ."

ಮಾರ್ತಾಂಡನ ಕೈಯಲ್ಲಿದ್ದ ಗಂಟು ಸಡಿಲಾಯಿತು. ಭಾವ ಕಡೆಗೂ ಬಿಡಲಿಲ್ಲ ಎಂದುಕೊಂಡ. ನನ್ನ ತಪ್ಪನ್ನು ಒಬ್ಬ ಡಾಕ್ಟರನ ಬಾಯಿಂದಲೇ ಹೇಳಿಸಲಿಕ್ಕೆ ಏರ್ಪಾಡು ಮಾಡಿ ಸತ್ತಿದ್ದಾನೆ.

*

೧೯೧೯ರ ಭಾದ್ರಪದದಲ್ಲಿ ಪೇಠೆಯ ಮನೆಮನೆಗೂ ಚಳಿಜ್ವರ ಹೊಕ್ಕಿತ್ತು. ಮಾರ್ತಾಂಡ ಆಗ ಇಪ್ಪತ್ತೆರಡರವನು, ಒಂದು ದವಾಖಾನೆಯಲ್ಲಿ ಕಂಪೌಂಡರ್. ಜನ ಬೀದಿಯವರೆಗೆ ಸಾಲುಗಟ್ಟಿ ನಿಂತಿದ್ದರು. ಅಕ್ಕನ ಚೀಟಿಯೂ ಅದರಲ್ಲೇ ಬಂತು: ಕ್ವಿನೈನ್ ಹತ್ತು ಗ್ರೇನು, ದಿನಕ್ಕೆ ಮೂರು ಸಲ. ತೂಗಿದ, ಕಾಗದದಲ್ಲಿ ಮಡಚಿದ, ಹನ್ನೊಂದು ಪೊಟ್ಟಣ ಕಟ್ಟಿಕೊಟ್ಟ.

ಮೂರು ದಿನಕ್ಕೆ ಜ್ವರ ಬಿಟ್ಟಿತು. ಎರಡು ಪೊಟ್ಟಣ ಉಳಿದವು. ನಾಲ್ಕನೆಯ ದಿನ ನಡುಮಧ್ಯಾಹ್ನ ಗೋದಾ ಎದ್ದು ಕುಳಿತು, "ದೀಪಾ ಯಾಕ ಆರಿಸೀರಿ?" ಎಂದು ಕೇಳಿದಳು.

ಕೆಲವು ವಾರಗಳಲ್ಲಿ ನಡುವಿನ ದೃಷ್ಟಿ ಮರಳಿತು. ಉಳಿದದ್ದು ಮರಳಲಿಲ್ಲ. ಸಂಜೆಯಾದರೆ ಅವಳು ಗೋಡೆ ಹಿಡಿದು ನಡೆಯಬೇಕಾಯಿತು. ಏಕನಾಥ ಒಂದೇ ಒಂದು ಸಲ ಕೇಳಿದ: "ತೂಕಾ ಬರೋಬರಿ ಇತ್ತೇನೋ?"

ಮಾರ್ತಾಂಡನಿಗೆ ನೆನಪಾಗಲಿಲ್ಲ. ಹತ್ತು ಗ್ರೇನಿನ ತೂಕದ ಬಟ್ಟೂ ಇಪ್ಪತ್ತರದ್ದೂ ಒಂದೇ ಪೆಟ್ಟಿಗೆಯಲ್ಲಿದ್ದವು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟವನು ಮತ್ತೆ ಆ ಹೊಸ್ತಿಲು ದಾಟಲಿಲ್ಲ. ಪ್ರತಿ ವರ್ಷ ದೀಪಾವಳಿಯ ಭಾವಬೀಜಕ್ಕೆ, ಅಕ್ಕ ತಮ್ಮನಿಗೆ ಆರತಿ ಎತ್ತುವ ಬಿದಿಗೆಯ ದಿನ, ರಾಘಣ್ಣನ ಕೈಯಲ್ಲಿ ಒಂದು ಸೀರೆ ಕಳಿಸುತ್ತಿದ್ದ. ಏಕನಾಥನಿಂದ ಮೂರು ಪತ್ರ ಬಂದವು. ಒಡೆಯದೆ ಟ್ರಂಕಿನ ತಳಕ್ಕೆ ಹಾಕಿದ. ಒಂದು ದಿನ ಏಕನಾಥನೇ ದವಾಖಾನೆಗೆ ಬಂದಾಗ ಹಿಂದಿನ ಬಾಗಿಲಿಂದ ಜಾರಿಕೊಂಡ. ಅದಾದ ಮೇಲೆ ಏಕನಾಥನೂ ಬರಲಿಲ್ಲ. ಅವನಿಗೂ ಅಭಿಮಾನವಿತ್ತು.

*

ಮುಠಾ ನದಿಯ ದಂಡೆಯಲ್ಲಿ ಏಕನಾಥನ ಅಣ್ಣನ ಮಗ ಅವಧೂತ ಬೆಂಕಿ ಕೊಟ್ಟ. ಚಿತೆ ಹತ್ತಿಕೊಂಡಾಗ ಮಾರ್ತಾಂಡ ಮೆಲ್ಲಗೆ ಹಿಂದೆ ಸರಿದು ಮೆಟ್ಟಿಲು ಹತ್ತತೊಡಗಿದ. ಮೇಲಿನ ಮೆಟ್ಟಿಲಿನಲ್ಲಿ ಕೋಟು ತೊಟ್ಟ ಒಬ್ಬ ಮುದುಕರು ಬಗಲಲ್ಲಿ ಮರದ ಪುಟ್ಟ ಪೆಟ್ಟಿಗೆ ಹಿಡಿದು ನಿಂತಿದ್ದರು. ಗೋದಾಬಾಯಿಯ ತಮ್ಮ ನೀವೇ ಏನು ಎಂದು ಮರಾಠಿಯಲ್ಲಿ ಕೇಳಿದರು. ಇನ್ನು ಹಿಂಬಾಗಿಲು ಇರಲಿಲ್ಲ. ಮಾರ್ತಾಂಡ ಹೌದೆಂದ.

ಡಾಕ್ಟರು ಮೆಟ್ಟಿಲ ಮೇಲೆ ಕುಳಿತರು, ಅವನನ್ನೂ ಕೂರಿಸಿದರು. ಹೇಳಬೇಕಾದ್ದನ್ನು ಮೊದಲಿಂದ ಹೇಳಿದರು.

*

ಏಕನಾಥ ಈ ಡಾಕ್ಟರರ ಪ್ರಯೋಗಶಾಲೆಗೆ ಮೊದಲ ಸಲ ಹೋದದ್ದು ಮಾರ್ತಾಂಡನ ತಪ್ಪನ್ನು ಹಿಡಿದುಹಾಕಲಿಕ್ಕೆ. ಉಳಿದಿದ್ದ ಎರಡು ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು, ತೂಗಿ ಬರೆದುಕೊಡಿರಿ ಎಂದ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಡಾಕ್ಟರು ತೂಗಿದರು. ಎರಡೂ ಸರಿಯಾಗಿ ಹತ್ತು ಗ್ರೇನು. ಅವನ ಮುಖ ಸಪ್ಪಗಾಯಿತು. ಇನ್ನೊಮ್ಮೆ ತೂಗಿಸಿದ, ಮತ್ತೊಮ್ಮೆ ತೂಗಿಸಿದ. ಆಮೇಲೆ, ಹಾಗಾದರೆ ಕಣ್ಣು ಏಕೆ ಹೋಯಿತು ಎಂದು ಕೇಳಿದ.

ಡಾಕ್ಟರು ಅದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಅವರಿಗೆ ನಡುಗದ ಕೈಯೊಂದು ಬೇಕಾಗಿತ್ತು. ಕಿರಾಣಿ ಅಂಗಡಿಯ ಗುಮಾಸ್ತಿಕೆ ಬಿಟ್ಟು ಏಕನಾಥ ಅಲ್ಲೇ ಉಳಿದ.

ಮೊಲಗಳಿಗೆ ಮೈಭಾರದ ಲೆಕ್ಕದಲ್ಲಿ ಒಂದೇ ಅಳತೆಯ ಕ್ವಿನೈನ್ ಕೊಡುತ್ತಿದ್ದರು. ಆಮೇಲೆ ಅವುಗಳ ಕಣ್ಣು ತೆಗೆದು, ಸ್ಪಿರಿಟ್ಟಿನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ನೀಲಿ ಬಣ್ಣ ಕುಡಿಸುತ್ತಿದ್ದ ಏಕನಾಥ. ಸೂಕ್ಷ್ಮದರ್ಶಕದ ಕೆಳಗೆ ಅಕ್ಷಿಪಟದ ನರಕೋಶಗಳು ಚುಕ್ಕಿಗಳ ಸಾಲಾಗಿ ಕಾಣುತ್ತಿದ್ದವು. ಸತ್ತ ಕಡೆ ಸಾಲು ಹರಿದಿರುತ್ತಿತ್ತು. ಚೌಕ ಚೌಕವಾಗಿ ಸರಿಸುತ್ತ ಎಣಿಸುವುದೇ ಅವನ ಕೆಲಸ. ಹತ್ತು ಕೋಶಕ್ಕೆ ಒಂದು ಹುಣಸೆಬೀಜ, ಈ ಬಟ್ಟಲಿಂದ ಆ ಬಟ್ಟಲಿಗೆ. ಸಂಜೆ ನಳದ ಕೆಳಗೆ ಸ್ನಾನ ಮಾಡಿಯೇ ಮನೆಗೆ ಹೋಗುತ್ತಿದ್ದ. ಆದರೂ ವಾಡೆಯ ಹೆಂಗಸರು ಅವನು ಬಂದರೆ ನೀರಿನ ಕೊಡ ಮುಚ್ಚುತ್ತಿದ್ದರು.

ಯಾವ ಗಾಜು ಯಾವ ಮೊಲದ್ದು ಎಂದು ಎಣಿಸುವವನಿಗೆ ಗೊತ್ತಿರಬಾರದು. ಡಾಕ್ಟರು ಚೀಟಿಗಳ ಮೇಲೆ ಕಾಗದ ಅಂಟಿಸಿ ಕೊಡುತ್ತಿದ್ದರು. ಒಮ್ಮೆ ಅಂಚಿನಲ್ಲಿದ್ದ ಒಂದು ಸೀಳಿನಿಂದ ಏಕನಾಥನಿಗೆ ಗುರುತು ಸಿಕ್ಕಿಬಿಟ್ಟಿತು. ಹನ್ನೊಂದು ದಿನ ಎಣಿಸಿದ್ದನ್ನು ತಾನಾಗಿಯೇ ತಂದು, ಇದನ್ನು ಬಿಟ್ಟುಬಿಡಿರಿ ಎಂದ. ಗೊತ್ತಾದ ಮೇಲೆ ಕೈ ಆ ಕಡೆಗೇ ಎಳೆಯುತ್ತದೆ, ಹಿಂದೆ ಒಬ್ಬನ ಮೇಲೆ ಹೀಗೇ ಎಳೆದಿತ್ತು ಎಂದನಂತೆ.

ವರ್ಷಗಟ್ಟಲೆ ಎಣಿಸಿದ ಮೇಲೆ ಅವರಿಗೆ ಸಿಕ್ಕಿದ್ದು ಇಷ್ಟು. ಒಂದೇ ತೂಕ, ಒಂದೇ ದಿನ, ಒಂದೇ ಗೂಡು. ಆದರೂ ಕೆಲವು ಮೊಲಗಳ ಸಾಲು ತುಂಬಿಕೊಂಡೇ ಇತ್ತು, ಕೆಲವುಗಳಲ್ಲಿ ಅರ್ಧಕ್ಕರ್ಧ ಖಾಲಿ. ಔಷಧವನ್ನು ತಾಳದ ಕಣ್ಣುಗಳು ಕೆಲವಿರುತ್ತವೆ. ಮೊದಲೇ ಗುರುತಿಸುವ ದಾರಿ ಯಾರಿಗೂ ತಿಳಿದಿರಲಿಲ್ಲ.

*

ಡಾಕ್ಟರು ಪೆಟ್ಟಿಗೆ ತೆರೆದರು. ಒಳಗೆ ಎರಡು ಗಾಜಿನ ಪಟ್ಟಿ, ಒಂದು ಹಳದಿಯಾದ ಕಾಗದದ ಪೊಟ್ಟಣ. ಕೊನೆಯ ಮೂಲೆಯನ್ನು ಎರಡು ಸಲ ಒಳಗೆ ತುರುಕಿದ ಮಡಿಕೆ ತನ್ನದೇ ಕೈಯದು ಎಂದು ಮಾರ್ತಾಂಡ ಮುಟ್ಟದೆಯೇ ಗುರುತಿಸಿದ.

ಇದನ್ನು ಭಾವ ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದ.

ಡಾಕ್ಟರು ಅವನ ಮುಖ ನೋಡಿದರು. ತೂಗಿಸಿದ ದಿನವೇ ಒಂದು ಪತ್ರ ಬರೆದಿದ್ದ, ಆಮೇಲೆ ಇನ್ನೆರಡು, ಎಂದರು.

ಮಾರ್ತಾಂಡನಿಗೆ ಮೊದಲು ನಗು ಬಂತು. ನಗುತ್ತ ನಗುತ್ತಲೇ ಪಂಚೆಯ ಚುಂಗಿನಿಂದ ಮುಖ ಮುಚ್ಚಿಕೊಂಡ. ಕೆಳಗಿನಿಂದ ರಾಘಣ್ಣ ಹತ್ತಿ ಬಂದು ಬೆನ್ನ ಮೇಲೆ ಕೈಯಿಟ್ಟ. "ಮೊದಲ ಸ್ನಾನಾ ಮಾಡು ನಡಿ. ನಿನ್ನ ಹೇಂತಿ ಊಟಕ್ಕ ಝುಣಕಾ ಭಕ್ರಿ ಕಳಿಸ್ಯಾಳ, ಅಕ್ಕಗ ಯಾರು ಕೊಡವರು?" ಎಂದ.

ವಾಡೆಯ ಬಾಗಿಲಲ್ಲಿ ಎಲ್ಲರೂ ಬೇವಿನೆಲೆ ಕಚ್ಚಿ ಒಳಗೆ ಬಂದರು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು, ಅದರ ಮುಂದೆ ಗೋದಾ ಕುಳಿತಿದ್ದಳು. ಹೊರಗೆ ಇನ್ನೂ ಬಿಸಿಲಿತ್ತು. ಮಾರ್ತಾಂಡ ಊಟದ ಡಬ್ಬಿ ಹಿಡಿದು ಒಳಗೆ ಬಂದವನು ರೂಢಿಯ ಪ್ರಕಾರ ಅವಳಿಗೆ ಕಾಣದ ಎಡಬದಿಗೆ ನಿಂತುಬಿಟ್ಟ.

"ದವಾಖಾನಿ ಕಾರ್ಬೋಲಿಕ್ ವಾಸನಿ ಬರಾಕತ್ತದ," ಎಂದಳು ಗೋದಾ, ಮುಖ ತಿರುಗಿಸದೆ. "ನದ್ಯಾಗ ಮುಳುಗಿ ಬಂದರೂ ಹೋಗಿಲ್ಲ."

"ಅಕ್ಕಾ."

"ನಮ್ಮ ಸತ್ಯನಾರಾಯಣ ಪೂಜಾಕ್ಕ ಬಂದು ಹೊರಗ ಅಂಗಳದ ಕಂಬದ ಹಿಂದ ನಿಂತಿದ್ದಿ. ಆವಾಗೂ ಇದ ವಾಸನಿ. ಅವರು ಹೇಳಿದ್ರು, ಇರಲಿ ಬಿಡು, ತಾನ ಬರತಾನ ಅಂತ." ಅವಳು ದೀಪದ ಬತ್ತಿಯನ್ನು ತುಸು ಮೇಲೆ ಸರಿಸಿದಳು. "ನೀ ಸೀರಿ ಕಳಸತಿದ್ದಿ. ನಾ ಆರತಿ ಯಾರಿಗೆ ಮಾಡಬೇಕು? ತಮ್ಮ ಇಲ್ಲದವರ ಹಂಗ ಚಂದ್ರಗ ಮಾಡೀನಿ, ಹತ್ತೊಂಬತ್ತು ವರ್ಷ. ಬಿದಗಿ ಚಂದ್ರ, ಉಗುರಿನಷ್ಟು. ಅದು ಈ ಕಣ್ಣಿಗೆ ಎಲ್ಲಿ ಕಾಣಬೇಕು? ಅವರ ನನ್ನ ಗದ್ದಾ ಹಿಡದು ತಿರುಗಸತಿದ್ರು, ಇಲ್ಲೇ ಅದ ನೋಡು ಅಂತ."

ಮಾರ್ತಾಂಡ ಡಬ್ಬಿ ಕೆಳಗಿಟ್ಟ. ಎರಡು ಹೆಜ್ಜೆ ಸುತ್ತಿ ಬಂದು ದೀಪದ ಈಚೆ ಅವಳ ಮುಂದೆ ಕುಳಿತ. ಅವಳ ನೋಟ ಅವನ ಭುಜದ ಮೇಲೆ ಬಿತ್ತು. ಅಲ್ಲಿಂದ ಕಿವಿಗೆ, ಕಿವಿಯ ಮೇಲಿನ ಬಿಳಿಕೂದಲಿಗೆ, ಚೌಕ ಚೌಕವಾಗಿ ಸರಿಯುತ್ತ ಹಣೆಯನ್ನು ದಾಟಿ ಆಚೆಯ ಗೋಡೆಗೆ ಹೋಗಿಬಿಟ್ಟಿತು.

ಹಿಂದಿನಿಂದ ರಾಘಣ್ಣ ಹೇಳಿದ: "ಆಕಿಗೆ ಸೂತಕ ಅದ, ಮುಟ್ಟಿದರ ಮತ್ತ ಸ್ನಾನಾ ಮಾಡಬೇಕಾಗತದ ನೋಡು."

ಮಾರ್ತಾಂಡ ಒದ್ದೆ ಕೈ ಚಾಚಿ, ಎರಡು ಬೆರಳಿನಿಂದ ಅಕ್ಕನ ಗದ್ದ ಹಿಡಿದು, ಮೆಲ್ಲಗೆ ತನ್ನ ಕಡೆಗೆ ತಿರುಗಿಸಿದ.