ಒಂದು ಗೇಣು ಉಳಿದ ಜಮಖಾನೆ

ನಾನು ಒಂದು ಜಮಖಾನೆ. ನಮ್ಮವರಿಗೆ ದೊಡ್ಡವರು, ಚಿಕ್ಕವರು ಎಂಬ ಭೇದ ಅಷ್ಟಾಗಿ ತಿಳಿಯುವುದಿಲ್ಲ. ಕೆಳಗಿನಿಂದ ನೋಡಿದರೆ ಎಲ್ಲರೂ ಬರೀ ಗಲ್ಲ ಮತ್ತು ಮೂಗಿನ ಹೊಳ್ಳೆ. ಯಾರು ಎಷ್ಟು ಭಾರ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಹುಟ್ಟಿದ್ದು ನವಲಗುಂದದ ಒಂದು ಓಣಿಯಲ್ಲಿ, ಗೋಡೆಗೆ ಒರಗಿ ನೆಟ್ಟಗೆ ನಿಂತ ಮಗ್ಗದ ಮೇಲೆ. ನೇಯ್ದವಳು ಹಸೀನಾಬಿ. ಆಗ ಅವಳಿಗೆ ಹತ್ತೊಂಬತ್ತು ವರ್ಷ, ಆ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳು. ಅತ್ತೆ ಪಕ್ಕದಲ್ಲಿ ಕುಳಿತು ಬಣ್ಣ ಹೇಳುತ್ತಿದ್ದಳು, ಸೊಸೆ ಬೆರಳಿನಿಂದ ನೂಲು ತೂರಿಸಿ ಬಾಚಣಿಗೆಯಂಥ ಕಬ್ಬಿಣದ ಪಂಜದಿಂದ ಬಡಿಯುತ್ತಿದ್ದಳು. ನಾಲ್ಕು ಮೂಲೆಗೆ ನಾಲ್ಕು ನವಿಲು, ನಡುವೆ ಪಗಡೆಯ ಹಾಸು. ನೇಯುವಾಗ ಬಾಗಿಲು ಮುಚ್ಚಿರುತ್ತಿತ್ತು. ಆ ಮನೆಯ ಕಟ್ಟಳೆಯೇ ಹಾಗೆ: ವಿದ್ಯೆ ಸೊಸೆಗೆ, ಮಗಳಿಗಲ್ಲ. ಮಗಳು ಕಲಿತರೆ ಮದುವೆಯಾಗಿ ಹೋಗುವಾಗ ವಿದ್ಯೆಯನ್ನೂ ಗಂಟು ಕಟ್ಟಿಕೊಂಡು ಹೋಗುತ್ತಾಳೆ ಎಂಬ ಲೆಕ್ಕ. ಹೀಗಾಗಿ ಹಸೀನಾಬಿಯ ನಾದಿನಿ ಆ ಮುಚ್ಚಿದ ಬಾಗಿಲಿನ ಹೊರಗೆ ಕುಳಿತು ಅಕ್ಕಿ ಆರಿಸುತ್ತಿದ್ದಳು.

ಅಲ್ಲಿಂದ ಗದಗಿನ ಒಬ್ಬ ಡಾಕ್ಟರ ಮನೆಗೆ ಹೋದೆ. ಅಲ್ಲಿ ಇಪ್ಪತ್ತೈದು ವರ್ಷ ಸುಖವಾಗಿದ್ದೆ. ಡಾಕ್ಟರು ಸಂಜೆ ನನ್ನ ಮೇಲೆ ಕುಳಿತು ಪಗಡೆ ಆಡಿ, ಮಕ್ಕಳ ಕೈಯಲ್ಲೇ ಸೋತು ಸಿಟ್ಟಾಗುತ್ತಿದ್ದರು. ಮುಂದೆ ಮಗ ಸೋಫಾ ತಂದ. ಸೋಫಾ ಬಂದ ಮನೆಯಲ್ಲಿ ಜಮಖಾನೆಗೆ ಜಾಗವಿಲ್ಲ. ಡಾಕ್ಟರ ಹೆಂಡತಿ ನನ್ನನ್ನು ತಾವು ಓದಿದ ನವಲಗುಂದದ ಮಿಶನ್ ಶಾಲೆಗೆ ಕೊಟ್ಟುಬಿಟ್ಟರು. ಹೋದ ದಾರಿಯಲ್ಲೇ ತಿರುಗಿ ಬಂದಂತಾಯಿತು.

ಶಾಲೆಯಲ್ಲಿ ಹದಿನೈದು ವರ್ಷ. ಪ್ರಾರ್ಥನೆ, ಭಾಷಣ ಸ್ಪರ್ಧೆ, ರಕ್ತದಾನ, ಏನಿದ್ದರೂ ನಾನೇ. ಸಿನಿಮಾಗಳೂ ನಡೆದವು. ನಾನು ಒಂದನ್ನೂ ನೋಡಲಿಲ್ಲ, ನನ್ನ ಮುಖದ ಮೇಲೆ ಇನ್ನೂರು ಮಕ್ಕಳು ಕುಳಿತರೆ ನೋಡುವುದು ಹೇಗೆ? ಆದರೆ ಸಿನಿಮಾ ಹೇಗಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೇಸರದ ಸಿನಿಮಾ ಆದರೆ ಮಕ್ಕಳು ಮಿಸುಕಾಡುತ್ತಾರೆ, ನನ್ನ ಅಂಚಿನ ನೂಲು ಕೀಳುತ್ತಾರೆ. ಒಂದು ಮೂಲೆ ಹರಿದದ್ದು ಹಾಗೆಯೇ.

ಕಳೆದ ಡಿಸೆಂಬರಿನಲ್ಲಿ, ಚಳಿಗಾಲದ ರಜೆ ಶುರುವಾಗುವ ಹಿಂದಿನ ದಿನ, ಒಂದು ಸಿನಿಮಾ ತೋರಿಸಿದರು. ಆ ಹರಿದ ಮೂಲೆಯಲ್ಲಿ ಒಂಬತ್ತನೆಯ ತರಗತಿಯ ತಸ್ಲೀಮಾ ಕುಳಿತಿದ್ದಳು. ಎರಡು ಗಂಟೆ ಅವಳು ಅಲುಗಾಡಲಿಲ್ಲ. ಸಿನಿಮಾ ಮುಗಿದು ಎಲ್ಲರೂ ಎದ್ದ ಮೇಲೂ ಅವಳ ಬೆರಳು ನನ್ನನ್ನು ಬಿಗಿಯಾಗಿ ಹಿಡಿದೇ ಇತ್ತು.

ಗ್ರೇಸ್ ಟೀಚರ್ ಅವಳನ್ನು ಕರೆದು, "ನಿಮ್ಮ ದಾದಿಮಾ ಜಮಖಾನಿ ನೇಯ್ತಾರಲ್ಲ? ಈ ಮೂಲಿ ರಿಪೇರಿ ಮಾಡಿಸ್ಕೊಂಡು ಸೂಟಿ ಮುಗದ ಮ್ಯಾಲ ತೊಗೊಂಡ್ ಬಾ" ಅಂದರು. ತಸ್ಲೀಮಾಳ ದಾದಿಮಾ ಅಂದರೆ ಅಜ್ಜಿ, ಅದೇ ಹಸೀನಾಬಿ.

ಹಸೀನಾಬಿ ನನ್ನನ್ನು ಕಣ್ಣಿಗೆ ಹತ್ತಿರ ಹಿಡಿದು ನವಿಲಿನ ಕತ್ತು ಸವರಿದಳು. "ಇದು ನಂದ" ಎಂದಳು, ಅಷ್ಟೇ. ಮಕ್ಕಳನ್ನು ಬಹಳ ಹೊಗಳಬಾರದು, ದೃಷ್ಟಿಯಾಗುತ್ತದೆ ಎನ್ನುವವರ ಪೈಕಿ ಅವಳು. ಅವಳಿಗೆ ಈಗ ಒಂದು ಕಣ್ಣಿನಲ್ಲಿ ಪೊರೆ, ಇನ್ನೊಂದರಲ್ಲಿ ಮಂಜು. ಮಗ್ಗ ಎರಡು ವರ್ಷದಿಂದ ಬರಿದಾಗಿ ನಿಂತಿತ್ತು. ಸೊಸೆ ರಿಹಾನಾ, ತಸ್ಲೀಮಾಳ ತಾಯಿ, ಹೊಲಿಗೆ ಯಂತ್ರದವಳು. "ನನಗ ಬ್ಯಾಡವ್ವಾ ಆ ಬೆನ್ನುನೋವು" ಎಂದು ಬಂದ ವರ್ಷವೇ ಕೈ ಮುಗಿದಿದ್ದಳು. ಅಂದರೆ ಆ ಮನೆಯಲ್ಲಿ ಹಸೀನಾಬಿಯ ಕಣ್ಣು ಮುಚ್ಚಿದರೆ ವಿದ್ಯೆಯ ಕಣ್ಣೂ ಮುಚ್ಚಿದಂತೆ.

ತಸ್ಲೀಮಾ ಆ ದಿನವೇ ಕೇಳಿದಳು. "ದಾದಿಮಾ, ನನಗ ನೇಯೋದು ಕಲಿಸು."

"ಹೋಗ, ಹಸಿ ಕಡ್ಲಿ ಸುಲಗಾಯಿ ತಿನ್ನು ಹೋಗ."

"ಅಮ್ಮಿ ಒಲ್ಲೆ ಅಂದಾಳ. ನನಗೂ ಬ್ಯಾಡ ಅಂದ್ರ ಮತ್ತ್ಯಾರಿಗೆ ಕಲಿಸ್ತಿ?"

"ಕೊಟ್ಟ ಹೆಣ್ಣು ಕುಲಕ್ಕ ಹೊರಗ. ನಮ್ಮ ಅತ್ತಿಯವರಿಗೆ ಮಾತು ಕೊಟ್ಟೇನಿ, ಸಾಯೂತನಾ ಮೀರಂಗಿಲ್ಲ" ಎಂದು ಮುದುಕಿ ಮುಖ ತಿರುಗಿಸಿದಳು.

ಮರುದಿನ ತಸ್ಲೀಮಾ ನನ್ನನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಸಿ, ಬೋರಲು ಮಲಗಿ ರಜೆಯ ಪ್ರಬಂಧ ಬರೆಯತೊಡಗಿದಳು. 'ಚಳಿಗಾಲದ ರಜೆ ಮತ್ತು ನನಗೆ ಸ್ಫೂರ್ತಿ ಕೊಟ್ಟ ಸಿನಿಮಾ'. ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವ ಚಟ ಅವಳಿಗೆ. ಅದರಿಂದ ನನಗೂ ಆ ಸಿನಿಮಾ ಕೊನೆಗೆ ತಿಳಿಯಿತು.

"ನನ್ನ ಗೆಳತಿಯರು ರಜೆಗೆ ಗೋವಾಕ್ಕೆ ಹೋಗಿದ್ದಾರೆ. ನಾನು ಮಾಳಿಗೆಗೆ ಬಂದಿದ್ದೇನೆ" ಎಂದು ಅವಳ ಪ್ರಬಂಧ ಶುರುವಾಗಿತ್ತು. ಸಿನಿಮಾದಲ್ಲಿ ಹಿಮ ಬೀಳುವ ಊರು, ಒಂದು ಸರೋವರ. ದೋಣಿ ಕಟ್ಟುವ ಕೆಲಸ ಗಂಡಸರದ್ದು, ಹೆಣ್ಣು ಮುಟ್ಟಿದ ದೋಣಿ ಮುಳುಗುತ್ತದೆಂದು ಅಲ್ಲಿಯವರ ನಂಬಿಕೆ. ಒಬ್ಬ ಹುಡುಗಿ ಎಲ್ಲರನ್ನೂ ಕಲಿಸಿರೆಂದು ಬೇಡುತ್ತಾಳೆ. ಯಾರೂ ಕಲಿಸುವುದಿಲ್ಲ. ಅವಳು ದಡದಲ್ಲಿ ಬಿದ್ದ ಒಂದು ಹಳೆಯ ದೋಣಿಯನ್ನು ಚಳಿಗಾಲವಿಡೀ ಹಲಗೆ ಹಲಗೆ ಬಿಚ್ಚುತ್ತಾಳೆ, ಪ್ರತಿ ಹಲಗೆಗೂ ಅಂಕಿ ಬರೆಯುತ್ತಾಳೆ, ಹಿಮ ಕರಗುವಾಗ ತಿರುಗಿ ಜೋಡಿಸುತ್ತಾಳೆ.

"ಯಾರಾದರೂ ಕೊನೆಗೆ ಹೂಂ ಅನ್ನುತ್ತಾರೆ ಎಂದು ಕಾದೆ. ಯಾರೂ ಅನ್ನಲಿಲ್ಲ. ನನಗೆ ಅಳು ಬರಲಿಲ್ಲ, ಕೈ ತುರಿಸಿತು. ಸ್ಫೂರ್ತಿ ಎಂದರೆ ಅದೇ ಇರಬೇಕು" ಎಂದು ಬರೆದು ಅವಳು ಪೆನ್ನಿನ ಮುಚ್ಚಳ ಕಚ್ಚಿದಳು. ಆಮೇಲೆ ಕಣ್ಣು ಕೆಳಗಿಳಿಸಿ ನನ್ನನ್ನು ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಗಣಿತದ ಗ್ರಾಫ್ ಪುಸ್ತಕ, ಬಣ್ಣದ ಪೆನ್ಸಿಲ್ ಮತ್ತು ಒಂದು ದಬ್ಬಣ ತಂದಳು. ಹರಿದ ಮೂಲೆಯಿಂದಲೇ ಬಿಚ್ಚತೊಡಗಿದಳು. ಒಂದೊಂದು ಎಳೆಗೂ ಗ್ರಾಫಿನಲ್ಲಿ ಒಂದೊಂದು ಮನೆ ತುಂಬಿದಳು. ಕೆಂಪು ಎಳೆ, ಕೆಂಪು ಮನೆ. ಮುದುಕಿಗೆ ಮೊಣಕಾಲು ನೋವು, ಮಾಳಿಗೆ ಹತ್ತುವುದಿಲ್ಲ ಎಂಬ ಧೈರ್ಯ. ನಾನು ಶಾಲೆಯ ಸ್ವತ್ತು, ರಜೆ ಮುಗಿದ ಮೇಲೆ ಒಪ್ಪಿಸಬೇಕು ಎಂಬುದು ಅವಳಿಗೂ ಗೊತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಮೂರು ದಿನದಲ್ಲಿ ನಾಲ್ಕು ಬೆರಳಿನಷ್ಟು ಹೋದೆ. ಎಳೆಗಳು ಒಂದಕ್ಕೊಂದು ಸಿಕ್ಕು ಬಿದ್ದು ಕಾಗೆ ಗೂಡಿನಂತಾದವು. ಅವಳು ಅತ್ತಳು, ಮೂಗು ಒರೆಸಿಕೊಂಡು ಮತ್ತೆ ಬಿಚ್ಚಿದಳು.

ನಾಲ್ಕನೆಯ ದಿನ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಹೊತ್ತಿಗೆ ಹತ್ತು ಸಲ ತಿನ್ನಲು ಕೇಳುವ ಮೊಮ್ಮಗಳು ಬೆಳಗಿನಿಂದ ಕೆಳಗಿಳಿಯಲಿಲ್ಲವೆಂದು ಹಸೀನಾಬಿ ಗೋಡೆ ಹಿಡಿದುಕೊಂಡು ಬಂದಿದ್ದಳು. ನನ್ನನ್ನು ನೋಡಿದಳು. ತಾನು ನೇಯ್ದದ್ದು ಕಣ್ಣೆದುರಿಗೇ ಕಿತ್ತುಹೋಗಿರುವುದನ್ನು ನೋಡಿದ ಮುಖ ಅದು. ನನಗೆ ಅವಳ ಬಗ್ಗೆ ಕನಿಕರವಾಯಿತು.

"ಶಾಲಿಯವರ ಮಾಲು ಇದು. ಅವರಿಗೆ ಏನ್ ಕೊಡ್ತಿ?"

"ಇದನ್ನ. ತಿರುಗಿ ನೇದು ಕೊಡ್ತೇನಿ."

"ನೇಯೋರ್ಯಾರು?"

"ನಾನ."

"ಕಲಿಸಿದವರ್ಯಾರು?"

ತಸ್ಲೀಮಾ ಬೆರಳಿನಿಂದ ನನ್ನನ್ನು ತೋರಿಸಿದಳು.

ಹಸೀನಾಬಿ ಪಕ್ಕದಲ್ಲಿ ಕುಳಿತಳು. ಗ್ರಾಫ್ ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದು ಪುಟ ತಿರುವಿದಳು. ಆಮೇಲೆ ಸಿಕ್ಕಾದ ನೂಲನ್ನು ಕೈಗೆತ್ತಿಕೊಂಡಳು. ಮಾತು ಬೇರೆ, ಕೈ ಬೇರೆ. ಕೆಟ್ಟ ಕೆಲಸ ಕಂಡರೆ ಸುಮ್ಮನಿರುವುದು ಆ ಕೈಗಳಿಗೆ ಗೊತ್ತಿರಲಿಲ್ಲ.

"ಎಲ್ಲಿಂದ ಹಿಡದೀಯ ಹುಚ್ಚಿ? ಇದು ಸುರೂ ಮಾಡಿದ ಬಾಜು. ಇಲ್ಲಿಂದ ಬಿಚ್ಚಿದ್ರ ಸಿಕ್ಕ ಬೀಳತೈತಿ. ಮುಗಿಸಿದ ಬಾಜುದಿಂದ ಹಿಡಿ. ಎಳಿ ಹೆಂಗ ಹೋಗೇತೋ ಹಂಗ ತಿರುಗಿ ಬರತೈತಿ."

ತಸ್ಲೀಮಾ ಬೆರಗಾಗಿ ನೋಡಿದಳು. "ದಾದಿಮಾ, ಮತ್ತ ನಿನ್ನ ಮಾತು?"

"ನೇಯೋದು ಕಲಿಸಬ್ಯಾಡ ಅಂದಿದ್ರು ಅತ್ತಿ" ಎಂದಳು ಹಸೀನಾಬಿ, ನನ್ನನ್ನು ಆಚೆ ತುದಿಗೆ ತಿರುಗಿಸುತ್ತ. "ಬಿಚ್ಚೋದು ಕಲಿಸಬ್ಯಾಡ ಅಂತ ಯಾರೂ ಅಂದಿಲ್ಲ."

ಕೆಳಗಿನಿಂದ ರಿಹಾನಾ ಕೂಗಿದಳು, "ಏನ್ ನಡದೈತಿ ಮ್ಯಾಲ?"

"ಏನಿಲ್ಲ" ಎಂದಳು ಮುದುಕಿ. "ಹಳೇ ಜಮಖಾನಿ ಬಿಚ್ಚಾಕತ್ತೇವಿ."

ರಜೆ ಮುಗಿಯಿತು. ತಸ್ಲೀಮಾ ಪ್ರಬಂಧವನ್ನಷ್ಟೇ ಒಪ್ಪಿಸಿ, ಟೀಚರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವರು ಬೈದರು, ಆಮೇಲೆ ಬೇಸಿಗೆಯವರೆಗೆ ಸಮಯ ಕೊಟ್ಟರು. ಅಜ್ಜಿ ಮೊಮ್ಮಗಳು ದಿನವೂ ಸಂಜೆ ಕುಳಿತು ಬಿಚ್ಚಿದರು. ಒಂದು ಎಳೆ ಬಂದಾಗಲೆಲ್ಲ ಹಸೀನಾಬಿ ಅದು ಎಲ್ಲಿಂದ ಹೊರಟು ಎಲ್ಲಿ ತಿರುಗಿತ್ತು, ಯಾಕೆ ತಿರುಗಿತ್ತು ಎಂದು ಹೇಳುತ್ತಿದ್ದಳು. ನಲವತ್ತು ವರ್ಷ ನನ್ನ ಮೇಲೆ ಸಾವಿರಾರು ಜನ ಕುಳಿತರು. ನನ್ನೊಳಗೆ ಏನಿದೆ ಎಂದು ಕೇಳಿದವಳು ಇವಳೊಬ್ಬಳೇ. ಬಿಚ್ಚಿಸಿಕೊಳ್ಳಲು ದುಃಖವಾಗಲಿಲ್ಲವೇ ಎಂದರೆ, ಆಯಿತು. ಆದರೆ ಮೂಲೆಕೋಣೆಯಲ್ಲಿ ಇಲಿಯ ಬಾಯಿಗೆ ಬೀಳುವುದಕ್ಕಿಂತ ಇದು ವಾಸಿ.

ಈಗ ಒಂದು ಗೇಣು ಉಳಿದಿದ್ದೇನೆ. ನಿನ್ನೆ ತಸ್ಲೀಮಾ ಅದನ್ನು ಬೆಳಕಿಗೆ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದಳು.

"ದಾದಿಮಾ, ಇಲ್ಲಿ ಎಳಿ ಎಲ್ಲಾ ಓರೆ ಆಗ್ಯಾವ. ಪಂಜದ ಹೊಡತಾನೂ ಸಡ್ಲ. ಇಷ್ಟು ಯಾರು ನೇದಿದ್ರು?"

ಹಸೀನಾಬಿ ಬೆರಳಿನಿಂದ ಮುಟ್ಟಿ ನೋಡಿದಳು.

"ನಾನವ್ವಾ" ಎಂದಳು. "ಆಗಿನ್ನೂ ಕಲಿಯಾಕತ್ತಿದ್ದೆ."